ಮೂರು ಗಂಟೆಗೆ ಮನೆ ನೋಡುವವರು

ಕರೆಂಟ್ ಬಿಲ್ಲು ಕೊಡಲು ಹೊಸದಾಗಿ ಬರುತ್ತಿರುವವರು ಗೇಟಿನ ಹತ್ತಿರ ನಿಂತು ಚೀಟಿ ಹರಿಯುತ್ತ, "ಹಳೆ ಬಿಲ್ಲಿನವ್ರು ಹೋಗ್ಬಿಟ್ರಂತೆ ಅಕ್ಕೋರೆ, ಹೋದ ವಾರ. ಎದೆನೋವು ಅಂತೆ," ಎಂದರು. ನಾನು "ಅಯ್ಯೋ" ಎಂದೆ. ಚೀಟಿ ತೆಗೆದುಕೊಂಡೆ. ಆಮೇಲೆ ಈ ತಿಂಗಳು ಎಷ್ಟು ಬಂದಿದೆ ಎಂದು ನೋಡಿದೆ. ಸಾವಿನ ಸುದ್ದಿ ಕೇಳಿದ ಮೇಲೂ ಬಿಲ್ಲಿನ ಮೊತ್ತ ನೋಡುವ ಹೆಂಗಸು ನಾನು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದುವವರು ನನ್ನ ಮೇಲೆ ಹೆಚ್ಚಿನ ಭರವಸೆ ಇಟ್ಟುಕೊಳ್ಳುವುದು ಬೇಡ.

ಸಿರ್ಸಿಯಲ್ಲಿ ನಾವು ಈಗ ಇರುವ ಮನೆಯನ್ನು ಹುಡುಕಿಕೊಟ್ಟವರು ಅವರೇ. ನಾವು ಬಂದು ನಾಲ್ಕು ವರ್ಷಗಳ ಮೇಲೆ ಪಕ್ಕದ ಮನೆ ಮಾರಾಟಕ್ಕೆ ಬಂತು. ಅದು ತಮಗೆ ಬೇಕು ಎಂದು ಅವರು ಆಸೆಪಟ್ಟರು. ನನ್ನ ಹತ್ತಿರ ಒಂದು ಮಾತಿನ ಸಹಾಯ ಕೇಳಿದರು. ಮನೆ ಅವರಿಗೆ ಸಿಗಲಿಲ್ಲ. ಇದಿಷ್ಟೇ ಕತೆ. ಇದನ್ನು ಅವರಿರುವಾಗ ಬರೆಯುವ ಧೈರ್ಯ ನನಗಿರಲಿಲ್ಲ, ಈಗ ಇದೆ ಎಂದೂ ಅಲ್ಲ. ಹೆಸರು ಬರೆಯುವುದಿಲ್ಲ. ಅವರ ಹೆಂಡತಿ, ಮಗಳು ಇದೇ ಊರಿನಲ್ಲಿದ್ದಾರೆ. ಅಲ್ಲದೆ ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವರು ಬಿಲ್ಲಿನವರು.

ಕಾಯಂ ನೌಕರಿ ಅಲ್ಲ, ಗುತ್ತಿಗೆಯದು. ಸೊಂಟದಲ್ಲಿ ಬಿಲ್ಲಿನ ಮಷಿನ್ನು, ಹೆಗಲಿನಲ್ಲಿ ಖಾಕಿ ಕೈಚೀಲ, ಕೈಯಲ್ಲಿ ಉದ್ದನೆಯ ಕೊಡೆ. ಕೊಡೆಯನ್ನು ಅವರು ಬಿಸಿಲಿಗೆ ಬಿಚ್ಚಿದ್ದನ್ನು ನೋಡಿದ ನೆನಪಿಲ್ಲ, ಅದು ನಾಯಿಗಳಿಗೆ. ಹೊಡೆಯುತ್ತಿರಲಿಲ್ಲ, ನಾಯಿಯ ಮುಂದೆ ಪಟ್ಟನೆ ಬಿಚ್ಚುತ್ತಿದ್ದರು, ನಾಯಿ ಗಾಬರಿಯಾಗಿ ಯೋಚನೆ ಮಾಡುವಷ್ಟರಲ್ಲಿ ರೀಡಿಂಗ್ ಮುಗಿಸಿರುತ್ತಿದ್ದರು. ಗೇಟಿನ ಹೊರಗೆ ನಿಂತು "ಬಿಲ್ಲೂ" ಎಂದು ಒಂದೇ ಸಲ ಕೂಗುತ್ತಿದ್ದರು. ಎರಡನೇ ಸಲ ಕೂಗುವುದು ಅವರ ಮರ್ಯಾದೆಗೆ ಕಡಿಮೆ. ಕರೆಗಂಟೆ ಒತ್ತುತ್ತಿರಲಿಲ್ಲ. ಅದೇಕೆ ಎಂದು ಕೇಳಿದ್ದಕ್ಕೆ, "ಗಂಟೆ ಒತ್ತಿದ್ರೆ ಯಾರೋ ನೆಂಟ್ರು ಬಂದ್ರು ಅಂತ ಹೆಂಗಸ್ರು ಸೀರೆ ಸರಿ ಮಾಡ್ಕಂಡು ಓಡಿ ಬರ್ತಾರೆ. ಆಮೇಲೆ ನನ್ನ ಕಂಡು ಸಿಟ್ಟು ಬರ್ತದೆ," ಎಂದಿದ್ದರು.

ಹೊಗಳುವುದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಶಬ್ದ, "ಅಡ್ಡಿಲ್ಲ". ಮದುವೆ ಊಟ ಅಡ್ಡಿಲ್ಲ, ಹೊಸ ರಸ್ತೆ ಅಡ್ಡಿಲ್ಲ, ನನ್ನ ಮಗಳಿಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಾಗಲೂ ಅಡ್ಡಿಲ್ಲ. ಅವಳು ಮುಖ ಊದಿಸಿಕೊಂಡಿದ್ದಳು. ಹಿಡಿಸದೇ ಇದ್ದದ್ದರ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿ ಬೇರೆ ಕಡೆ ನೋಡುತ್ತಿದ್ದರು.

ನಾನು ಅವರನ್ನು ಸರಿಯಾಗಿ ಮಾತನಾಡಿಸಿದ್ದು ನಾವು ಬಾಡಿಗೆಯ ಆರನೇ ಮನೆಯಲ್ಲಿದ್ದಾಗ. ಹನ್ನೊಂದು ವರ್ಷಕ್ಕೆ ಆರು ಮನೆ. ಕೆಲವು ಪೆಟ್ಟಿಗೆಗಳನ್ನು ನಾನು ಬಿಚ್ಚುವುದನ್ನೇ ಬಿಟ್ಟಿದ್ದೆ. ನನಗೆ ಎಕ್ಕಂಬಿ ರಸ್ತೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ. ಯಜಮಾನರಿಗೆ ಯಲ್ಲಾಪುರದ ಸೊಸಾಯಿಟಿಯಲ್ಲಿ ಗುಮಾಸ್ತಿಕೆ, ದಿನಾ ಬಸ್ಸಿನ ಓಡಾಟ, ಮನೆಗೆ ಬರುವಾಗ ಎಂಟು ಗಂಟೆ. ಮಗಳು ನಾಲ್ಕಕ್ಕೆ ಶಾಲೆಯಿಂದ ಬಂದರೆ ನಾನು ಬರುವ ಆರರವರೆಗೆ ಅವಳು ಮತ್ತು ಮೊಣಕಾಲು ಸೋತ ಅತ್ತೆ, ಇಬ್ಬರೇ. ಮನೆ ಕೊಳ್ಳಬೇಕು ಎಂದು ಹೊರಟಾಗ ನನಗೆ ಬೇಕಾಗಿದ್ದದ್ದು ಆ ಎರಡು ಗಂಟೆಯ ನೆಮ್ಮದಿ. ಅದೂ ನಮ್ಮಿಬ್ಬರ ಸಂಬಳಕ್ಕೆ ಬ್ಯಾಂಕಿನವರು ಕೊಡುವ ಸಾಲದ ಒಳಗೆ.

ಭಾನುವಾರ ಬಂತೆಂದರೆ ಏಜೆಂಟರ ಸ್ಕೂಟರಿನ ಹಿಂದೆ ನಮ್ಮ ಸ್ಕೂಟರು. ಮಾರ್ಬಲ್ ನೋಡಿ, ಮಾಡ್ಯುಲರ್ ಕಿಚನ್ ನೋಡಿ, ವಾಸ್ತು ನೋಡಿ. ಕೊನೆಯಲ್ಲಿ ದನಿ ತಗ್ಗಿಸಿ ಒಂದು ಮಾತು: "ಸುತ್ತ ಎಲ್ಲಾ ನಮ್ಮವ್ರೇ." ಈ ಮಾತು ಹೇಳಿದರೆ ರೇಟಿನಲ್ಲಿ ಲಕ್ಷ ಏರಿಸಬಹುದು ಎಂದು ಅವರಿಗೆ ಗೊತ್ತಿತ್ತು. ಆ ಮಾತು ಕೇಳಿದಾಗ ನಮ್ಮ ಮುಖ ಸಡಿಲವಾಗುತ್ತಿತ್ತು ಎಂಬುದೂ ನಿಜ. ಸಂಜೆ ಮನೆಗೆ ಬಂದು ಕಾಲು ತೊಳೆಯುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಒಂದು ದಿನ ಮೀಟರ್ ನೋಡುತ್ತಿದ್ದ ಅವರ ಮುಂದೆ ಇದನ್ನೆಲ್ಲ ಕಾರಿಕೊಂಡೆ. ಯಾರ ಮುಂದಾದರೂ ಕಾರಿಕೊಳ್ಳಬೇಕಿತ್ತು, ಅವರು ಸಿಕ್ಕಿದರು. ಅವರು ಚೀಟಿ ಹರಿದು ಕೈಗಿಟ್ಟು, "ರವಿವಾರ ಮನೆ ನೋಡೂದಲ್ಲ ಅಕ್ಕೋರೆ. ರವಿವಾರ ಎಲ್ಲಾ ಕೇರಿನೂ ಚೊಲೋನೇ ಕಾಣ್ತದೆ. ಗಂಡಸ್ರು ಮನೇಲಿರ್ತಾರೆ, ಗಾಡಿ ತೊಳೀತಾ ಇರ್ತಾರೆ. ಒಂದ್ ಅರ್ಧ ದಿನ ರಜೆ ಹಾಕ್ರಿ. ಮಧ್ಯಾಹ್ನ ಮೂರು ಗಂಟೆಗೆ ತೋರಿಸ್ತೆ," ಎಂದರು.

ಮೂರು ಗಂಟೆಗೆ ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಬರಲಿಲ್ಲ. ಮೂರು ಗಂಟೆಗೆ ಕೇರಿಯಲ್ಲಿ ಹೆಂಗಸರು, ಮುದುಕರು, ಮಕ್ಕಳು ಮಾತ್ರ ಇರುತ್ತಾರೆ. ನನ್ನ ಅತ್ತೆ ಮತ್ತು ಮಗಳ ಪಾಲಿಗೆ ಕೇರಿ ಎಂದರೆ ಅದೇ.

ಅವರ ಜೊತೆ ಮೂರು ಮಧ್ಯಾಹ್ನ ತಿರುಗಿದೆ. ಮೊದಲನೆಯದು ಊರಿನ ಹೊರಗಿನ ಹೊಸ ಬಡಾವಣೆ, ಏಜೆಂಟರು ಬಹಳ ಹೊಗಳಿದ್ದು. ಇವರು ಮನೆಯ ಒಳಗೆ ಕಾಲಿಡಲೇ ಇಲ್ಲ. "ಒಳಗಿಂದು ನೀವು ಹೆಂಗೆ ಬೇಕೋ ಹಂಗೆ ಮಾಡ್ಕಳ್ಳಬಹುದು. ಹೊರಗಿಂದು ಮಾಡ್ಕಳ್ಳಲಿಕ್ಕೆ ಬರೂದಿಲ್ಲ," ಎಂದು ಹೇಳಿ ಹಿಂದಿನ ಗೋಡೆಯ ಮೂಲೆಗೆ ಕರೆದುಕೊಂಡು ಹೋದರು. ಕೊಡೆಯ ತುದಿಯಿಂದ ಒಂದು ಬಿರುಕನ್ನು ತೋರಿಸಿದರು. ಹತ್ತು ವರ್ಷದ ಹಿಂದೆ ಅದು ಭತ್ತದ ಗದ್ದೆ. ಮಣ್ಣು ತುಂಬಿಸಿ ಪ್ಲಾಟು ಮಾಡಿದ್ದರು. ಮುಂದಿನ ಮನೆಯಲ್ಲಿ ಮೀಟರ್ ಬೋರ್ಡೇ ಗೋಡೆಯ ಜೊತೆ ಬಾಗಿದ್ದನ್ನು ಅವರು ನೋಡಿದ್ದರಂತೆ. ನಾನು ಕೋಲಸಿರ್ಸಿಯ ಗದ್ದೆ ಬದಿಯಲ್ಲಿ ಹುಟ್ಟಿ ಬೆಳೆದವಳು, ನನಗೆ ಅದು ಗೊತ್ತಾಗಲಿಲ್ಲ. ಟೈಲ್ಸ್ ನೋಡುತ್ತಿದ್ದೆ.

ಎರಡನೆಯದು ಒಳ್ಳೆಯ ಮನೆಗಳ ಸಾಲು. ರಸ್ತೆ ಅಗಲ, ಎಲ್ಲ ಮನೆಗೂ ಎತ್ತರದ ಗೇಟು, ಒಂದು ಮನೆ ತುರ್ತಿಗೆ ಅಗ್ಗದಲ್ಲಿ ಸಿಗುತ್ತಿತ್ತು. ಸುತ್ತ ಎಲ್ಲಾ ನಮ್ಮವರೇ. "ಆ ಮನೆ ಬಿಡ್ರಿ. ಅದರ ಆಚೆ ಈಚೆ ಮೂರು ಮನೆಗೆ ಹೋಗಿ ಆಸ್ರಿಗೆ ಕೇಳಿ ಬರ್ರಿ," ಎಂದರು. ನಮ್ಮ ಕಡೆ ಬಾಯಾರಿಕೆಗೆ ಕೊಡುವ ನೀರು, ಬೆಲ್ಲ, ಮಜ್ಜಿಗೆ ಎಲ್ಲ ಆಸರಿಗೆಯೇ. ಮನೆಗೆ ಬಂದವರನ್ನು, ಗುರುತಿಲ್ಲದವರನ್ನು ಕೂಡ, ಮೊದಲು ಕೇಳುವುದೇ ಅದನ್ನು. ನನಗೆ ಸಂಕೋಚವಾಯಿತು, ಆದರೂ ಹೋದೆ. ಮೊದಲನೇ ಮನೆಯಲ್ಲಿ ಯಾರೂ ಬರಲಿಲ್ಲ. ಎರಡನೆಯದರಲ್ಲಿ ಪರದೆ ಸರಿದದ್ದು ಕಂಡಿತು, ಬಾಗಿಲು ತೆರೆಯಲಿಲ್ಲ. ಮೂರನೆಯದರಲ್ಲಿ ಕಿಟಕಿಯ ಒಳಗಿಂದ ಒಂದು ದನಿ, "ಯಾರೂ ಇಲ್ಲೆ" ಎಂದಿತು. ಇವರು ಮೀಟರಿನ ಕೆಂಪು ದೀಪ ತೋರಿಸಿದರು. ಬೇಗ ಬೇಗ ಮಿನುಗುತ್ತಿತ್ತು. "ಫ್ಯಾನು, ಟಿವಿ, ಫ್ರಿಡ್ಜು, ಮೂರೂ ಓಡ್ತಾ ಅದೆ. ಕೆಟ್ಟವ್ರಲ್ಲ ಅಕ್ಕೋರೆ, ಹೆದರಿಕೆ. ಆದ್ರೆ ನಿಮ್ಮ ಮಗಳು ಇಲ್ಲಿ ಸೈಕಲ್‌ನಿಂದ ಬಿದ್ರೂ ಇವರು ಪರದೆ ಸರಿಸೇ ನೋಡೂದು."

ಮೂರನೆಯದು ಈಗ ನಾವಿರುವ ಕೇರಿ. ಕೆರೆಯ ಮೇಲ್ಬದಿಯ ಇಳಿಜಾರಿನಲ್ಲಿ ಹದಿನಾಲ್ಕು ಹಳೆಯ ಮನೆ, ಸೊಂಟದೆತ್ತರದ ಗೋಡೆಗಳು. ನಮ್ಮವರೂ ಇದ್ದರು, ಕೊಂಕಣಿಯವರೂ ಇದ್ದರು, ಹಾವೇರಿ ಕಡೆಯವರೂ ಇದ್ದರು. ಮುಂದೆ ಹಂಚು, ಹಿಂದೆ ಸ್ಲ್ಯಾಬು ಇರುವ ಮನೆ. ರೇಟು ಕೇಳಿ ನನಗೆ ಅನುಮಾನವೇ ಬಂತು. "ಕಾರು ಬರೂದಿಲ್ಲ ಈ ಓಣಿಗೆ, ಅದಕ್ಕೇ ಇಳಿದದ್ದು. ನಿಮ್ಮತ್ರ ಕಾರು ಅದೆಯಾ? ಇಲ್ಲ. ಮತ್ತೆಂತ?" ಎಂದರು.

ಮೂರು ಮನೆಗೆ ಹೋದೆವು, ಈ ಸಲ ಇಬ್ಬರೂ. ಎದುರು ಮನೆಯ ಅಜ್ಜಿ ಕೂಗುವ ಮೊದಲೇ ಬಾಗಿಲಿಗೆ ಬಂದಿದ್ದರು. ನನಗೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಇವರಿಗೆ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಕೊಟ್ಟು, "ತಗಂಡು ಹೋಗು, ದಾರಿಗೂ ಆತು," ಎಂದರು. ಕೊನೆಯ ಮನೆಯ ಬಟ್ಟೆ ಅಂಗಡಿಯವರ ಸೊಸೆಯೂ ಹಾಗೇ. ನನಗೆ ಲೋಟದಲ್ಲಿ ಪಾನಕ, ಇವರಿಗೆ ಬಾಟಲಿ. ಪಕ್ಕದ ಮನೆಯ ಬ್ಯಾಂಕಿನವರ ಹೆಂಡತಿ, ಹಾವೇರಿ ಕಡೆಯವರು, "ಬರ್ರೀ, ಒಳಗ ಬರ್ರೀ, ಇಂಥಾ ಬಿಸಲಾಗ ಬಂದೀರಿ," ಎಂದು ಜಗಲಿಯ ಮೇಲೆ ಚಾಪೆ ಹಾಸಿ ಒಂದು ಚರಗಿ ನೀರು ಮತ್ತು ಎರಡು ಲೋಟ ತಂದಿಟ್ಟರು. ಇವರೂ ಕುಳಿತು ಕುಡಿದರು. ಎದ್ದು ಬಂದ ಮೇಲೆ, "ಇರ್ಲಿಕ್ಕೆ ಅಡ್ಡಿಲ್ಲ," ಎಂದರು. ನನಗೆ ಅಳು ಬರುವಷ್ಟು ಹಗುರಾಯಿತು. ಬಿಸಿಲಿನಲ್ಲಿ ತಿರುಗುವವರಿಗೆ ದಾರಿಗೆಂದು ಬಾಟಲಿ ತುಂಬಿಸಿ ಕೊಡುವ ಕೇರಿ, ಎಷ್ಟು ಒಳ್ಳೆಯ ಜನ ಎಂದು ಯಜಮಾನರಿಗೆ ಫೋನಿನಲ್ಲಿ ಹೇಳಿದೆ. ಬಾಟಲಿಯನ್ನು ನಾನು ಅರ್ಥ ಮಾಡಿಕೊಂಡದ್ದು ಹಾಗೆ.

ಅವರ ಜಾತಿ ಯಾವುದು ಎಂದು ಆಗ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿದ್ದಾಪುರ ಕಡೆಯ ಅವರ ಊರು, ಊರಿನಲ್ಲಿ ಅವರಿದ್ದ ಕೇರಿ ಹೇಳಿದರೆ ನಮ್ಮ ಕಡೆಯ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಿದ್ದೂ ಅದನ್ನು ಯೋಚಿಸದೇ ಇರುವ ಅಭ್ಯಾಸ ನನಗೆ ಚೆನ್ನಾಗಿಯೇ ಇತ್ತು. ನಾನು ಅಂಥವಳಲ್ಲ ಎಂದು ತಿಳಿದುಕೊಂಡಿದ್ದೆ. ಶಾಲೆಯಲ್ಲಿ ಮಕ್ಕಳನ್ನೆಲ್ಲ ಒಟ್ಟಿಗೇ ಕೂರಿಸಿ ಬಿಸಿಯೂಟ ಬಡಿಸುವವಳಲ್ಲವೇ ನಾನು.

ಗೃಹಪ್ರವೇಶಕ್ಕೆ ಕರೆದಿದ್ದೆ. ಮರುದಿನ ಬಂದರು. "ನಿನ್ನೆ ನಿಮಗೆ ಗಡಿಬಿಡಿ," ಎಂದರು. ಅತ್ತೆಗೆ ಅವರನ್ನು ಕಂಡರೆ ಇಷ್ಟ, ಹೋಳಿಗೆ ಕಟ್ಟಿ ಕೊಟ್ಟರು. ಮಗಳಿಗೆ ಮೀಟರ್ ಓದಲು ಕಲಿಸಿದರು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವ ಅತ್ತೆಯನ್ನು, "ಅಮ್ಮಾ, ನಿಮ್ಮ ಮೇಲೆ ಸಿಟ್ಟಿದ್ದವ್ರು ಯಾರೂ ಇಲ್ಲ, ನೀವೇ ಎಂತಕ್ಕೆ ಸಾಯ್ಲಿಕ್ಕೆ ನೋಡ್ತ್ರಿ?" ಎಂದು ಗದರಿದ್ದರು. ಅತ್ತೆ ಆ ಮಾತನ್ನು ನೆಂಟರಿಗೆಲ್ಲ ಹೇಳಿ ನಗುತ್ತಿದ್ದರು.

ಅವರ ಲೆಕ್ಕ ತಪ್ಪಲಿಲ್ಲ. ಎರಡನೇ ವರ್ಷ ಒಂದು ಮಧ್ಯಾಹ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮನೆಯಲ್ಲಿ ಒಬ್ಬರೇ. ಕೂಗಿದ್ದು ಬ್ಯಾಂಕಿನವರ ಹೆಂಡತಿಗೆ ಕೇಳಿಸಿ ಆಕೆ ಸೆರಗು ಕಟ್ಟಿ ಗೋಡೆ ಹತ್ತಿ ಇಳಿದು ಬಂದರು. ಎದುರು ಮನೆಯ ಅಜ್ಜಿ ಆಟೋ ಕರೆಸಿದರು. ಬಟ್ಟೆ ಅಂಗಡಿಯವರ ಸೊಸೆ ನನ್ನ ಮಗಳನ್ನು ತನ್ನ ಮನೆಯಲ್ಲಿ ಊಟ ಮಾಡಿಸಿ ಮಲಗಿಸಿದಳು. ನಾನು ಆಸ್ಪತ್ರೆಗೆ ಹೋಗುವಾಗ ಎಲ್ಲ ಮುಗಿದಿತ್ತು. ಅಂಥ ಕೇರಿ ನಮ್ಮದು. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ.

ಬ್ಯಾಂಕಿನವರಿಗೆ ಧಾರವಾಡಕ್ಕೆ ವರ್ಗವಾಯಿತು, ಮನೆ ಮಾರುತ್ತಾರಂತೆ ಎಂದು ಬಿಲ್ಲಿನವರಿಗೆ ಹೇಳಿದವಳೂ ನಾನೇ. ಬಿಲ್ಲು ಕೊಡುವಾಗ ಸುಮ್ಮನೆ ಮಾತಿಗೆ ಹೇಳಿದ್ದು. ಅವರು ಚೀಟಿ ಹರಿಯುವುದನ್ನು ನಿಲ್ಲಿಸಿ ಆ ಮನೆಯ ಕಡೆ ಬಹಳ ಹೊತ್ತು ನೋಡಿದರು.

ಒಂದು ವಾರ ಬಿಟ್ಟು ಬಂದರು. ಮಧ್ಯಾಹ್ನ ಮೂರು ಗಂಟೆ, ಶನಿವಾರ, ನನಗೆ ಬೆಳಗಿನ ಶಾಲೆ ಮುಗಿದಿತ್ತು. ಮಷಿನ್ನು, ಕೈಚೀಲ, ಕೊಡೆ ಯಾವುದೂ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೊತೆಗೆ ಹೆಂಡತಿ, ಅಂಗನವಾಡಿಯಲ್ಲಿ ಕೆಲಸ ಮಾಡುವವರು. "ಬಿಲ್ಲೂ" ಎಂದು ಕೂಗಲಿಲ್ಲ. ಕರೆಗಂಟೆ ಒತ್ತಿದರು. ನಾನು ಸೀರೆ ಸರಿ ಮಾಡಿಕೊಂಡು ಓಡಿಹೋದೆ.

ಜಗಲಿಯ ಮೇಲೆ ಕುಳಿತರು. ಅವರು ಬಾಡಿಗೆಗಿದ್ದದ್ದು ಊರ ಕೆಳಬದಿ, ಕಟ್ಟಿಗೆ ಮಿಲ್ಲಿನ ಹಿಂದಿನ ಎರಡು ಕೋಣೆ. ಮಗಳು ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆ ಸೇರಿದ್ದಳು. ಡ್ಯೂಟಿ ಬಿಟ್ಟು ಬರುವಾಗ ಎಂಟೂವರೆ. ದಾರಿಯಲ್ಲಿ ವೈನ್‌ಶಾಪು, ಅದರ ಮುಂದೆ ನಿಂತವರು, ಅವರ ಮಾತು. ಅವರು ದಿನಾ ಹೋಗಿ ಕರೆದುಕೊಂಡು ಬರುತ್ತಿದ್ದರು. "ಎಷ್ಟ್ ದಿನ ಹೋಗೂದು ಅಕ್ಕೋರೆ? ನನ್ನ ಕಾಲೂ ಮುಗೀತಾ ಬಂತು. ನಾನಿಲ್ದಿದ್ರೂ ಅವಳು ಕೂಗಿದ್ರೆ ಬಾಗ್ಲು ತೆಗೆಯೋ ಕೇರಿ ಒಂದು ಬೇಕು. ಇಪ್ಪತ್ತು ವರ್ಷ ಊರೆಲ್ಲ ತಿರುಗಿ ನೋಡಿದ್ದೆ. ಇದಕ್ಕಿಂತ ಚೊಲೋ ಕೇರಿ ಕಾಣ್ಲಿಲ್ಲ," ಎಂದರು. ಸಾಲ ಮಂಜೂರಾಗುತ್ತದಂತೆ, ಹೆಂಡತಿಯ ಬಂಗಾರವಿದೆ, ರೇಟಿನ ಬಗ್ಗೆ ತಕರಾರಿಲ್ಲ. "ನಾನೇ ನೇರ ಹೋಗಿ ಕೇಳಿದ್ರೆ ಅವ್ರಿಗೂ ಸಂಕಟ, ಕೇರಿಯವ್ರು ಎಂತ ಹೇಳ್ತಾರೋ ಅಂತ. ನೀವು ಒಂದ್ ಮಾತು ಹೇಳಿ. ಇವ್ರು ನಮಗೆ ಗುರ್ತಿನವ್ರು ಅಂತ. ಅಷ್ಟೇ."

ಒಳಗಿನಿಂದ ಅತ್ತೆ, "ತಂಗೀ, ಅವ್ರಿಗೆ ಆಸ್ರಿಗೆ ಕೊಟ್ಯ?" ಎಂದು ಕೇಳಿದರು. ನಾನು ಅಡಿಗೆಮನೆಗೆ ಹೋದೆ. ಎರಡು ಬಾಟಲಿ ತುಂಬಿಸಿ ತಂದು ಅವರ ಮುಂದೆ ಇಟ್ಟೆ.

ಇದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬೇರೆ ಥರ ಬರೆದು ನೋಡಿದ್ದೇನೆ. ಹಾಗಾಗಲಿಲ್ಲ. ಈ ಕೇರಿಗೆ ಬಂದ ಮೇಲೆ ನಾನೂ ಖಾಲಿ ಬಾಟಲಿಗಳನ್ನು ಸಿಂಕಿನ ಕೆಳಗೆ ಸಾಲಾಗಿ ಇಡಲು ಶುರು ಮಾಡಿದ್ದೆ. ಅನುಕೂಲ ಎಂದುಕೊಂಡಿದ್ದೆ. ತಿಂಗಳು ತಿಂಗಳು ಅವರಿಗೆ ಕೊಡುತ್ತಿದ್ದದ್ದೂ ಅದನ್ನೇ. ಅವತ್ತು ಕೈ ತಾನಾಗಿ ಅಲ್ಲಿಗೇ ಹೋಯಿತು. ಅವರು ದಾರಿ ಹಿಡಿದು ಹೋಗುತ್ತಿದ್ದವರಲ್ಲ, ನಮ್ಮ ಜಗಲಿಯಲ್ಲಿ ಕುಳಿತಿದ್ದ ನೆಂಟರು. ಅವರ ಹೆಂಡತಿ ಬಾಟಲಿಯನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. ಅವರು ಕನ್ನಡಕವನ್ನು ಹಣೆಗೆ ಏರಿಸಿ ರಸ್ತೆಯ ಕಡೆ ನೋಡಿದರು. ನನಗೆ ಆಗ ತಿಳಿಯಿತು. ನಾಲ್ಕು ವರ್ಷದ ಹಿಂದಿನ ಮೂರು ಮನೆಗಳ ನೀರೂ ಒಟ್ಟಿಗೇ ತಿಳಿಯಿತು. ತಿಳಿದ ಮೇಲಾದರೂ ಎದ್ದು ಹೋಗಿ ಎರಡು ಲೋಟ ತರಬಹುದಿತ್ತು. ತಂದರೆ ಬಾಟಲಿ ಕೊಟ್ಟದ್ದು ಏಕೆಂದು ಒಪ್ಪಿಕೊಂಡಂತಾಗುತ್ತದೆ ಎಂದು ಸುಮ್ಮನೆ ಕುಳಿತೆ. ಅವರು ಬಾಟಲಿ ತೆಗೆದುಕೊಂಡು ಕುಡಿದರು. ಹೆಂಡತಿ ಮುಟ್ಟಲಿಲ್ಲ.

"ಹೇಳ್ತೆ, ಖಂಡಿತ ಹೇಳ್ತೆ," ಎಂದು ಅವರನ್ನು ಗೇಟಿನವರೆಗೆ ಕಳಿಸಿ ಬಂದೆ.

ಯಜಮಾನರ ಹತ್ತಿರ ಹೇಳಿದೆ. ಅವರು ಒಳ್ಳೆಯವರು, ಗಲಾಟೆ ಬೇಡದವರು. "ಇದ್ರಲ್ಲಿ ಬಾಯಿ ಹಾಕದು ಎಂತಕ್ಕೆ? ನಾಳೆ ಕೇರಿಯವೆಲ್ಲ ನಮ್ಮೇಲೆ ತಿರುಗಿದ್ರೆ? ಆಯಿಗೆ ಏನಾದ್ರೂ ಆದ್ರೆ ಓಡಿ ಬಪ್ಪವು ಅವ್ವೇಯ. ಕೂಸು ಇಲ್ಲೇ ಬೆಳೆಯವು," ಎಂದರು. ಅವರ ಅಮ್ಮನಿಗೆ ಏನಾದರೂ ಆದರೆ ಓಡಿ ಬರುವವರು ಕೇರಿಯವರೇ, ಮಗಳು ಬೆಳೆಯಬೇಕಾದದ್ದೂ ಇಲ್ಲೇ.

"ಅವು ಕೇಳಿದ್ದು ಒಂದು ಮಾತು ಅಷ್ಟೇಯ," ಎಂದೆ.

"ಹಂಗಾರೆ ನೀನೇ ಹೇಳು. ಆನು ಬೇಡ ಹೇಳ್ತ್ನಿಲ್ಲೆ."

ತಾನು ಬೇಡ ಎನ್ನುವುದಿಲ್ಲ ಎಂದ ಮೇಲೆ ತಪ್ಪನ್ನು ಅವರ ಮೇಲೆ ಹಾಕುವುದಕ್ಕೂ ಬರಲಿಲ್ಲ. ನಾನೇ ಹೇಳಬೇಕು. ಗೋಡೆ ಸೊಂಟದೆತ್ತರ. ಬ್ಯಾಂಕಿನವರ ಹೆಂಡತಿ ದಿನಾ ಬಟ್ಟೆ ಒಣಗಿಸುವಾಗ ಅಲ್ಲೇ ಸಿಗುತ್ತಿದ್ದರು. ಬಾಯಿಗೆ ಬಂದ ಮಾತು ಎದುರು ಮನೆಯ ಅಜ್ಜಿಯ ಬಾಗಿಲು ಕಂಡರೆ ವಾಪಸು ಹೋಗುತ್ತಿತ್ತು. ಅಜ್ಜಿ ಏನಾದರೂ ಹೇಳಿದ್ದರೇ ಎಂದರೆ, ಇಲ್ಲ. ಕೇರಿಯಲ್ಲಿ ಯಾರೂ ಏನೂ ಹೇಳಿರಲಿಲ್ಲ, ಯಾರಿಗೂ ವಿಷಯವೇ ಗೊತ್ತಿರಲಿಲ್ಲ. ಅವರು ಹೇಳಬಹುದಾದದ್ದನ್ನೆಲ್ಲ ನಾನೇ ನನ್ನ ತಲೆಯಲ್ಲಿ ಅವರ ದನಿಯಲ್ಲಿ ಹೇಳಿಕೊಂಡು, ನಾನೇ ಹೆದರಿದೆ. ಇವತ್ತು ಬೇಡ, ನಾಳೆ ಎಂದು ಮೂರು ವಾರ ಕಳೆದೆ. ನನಗೆ ಸುಸ್ತಾಗಿತ್ತು. ಎಷ್ಟೋ ವರ್ಷ ಅಲೆದು ಒಂದು ಕಡೆ ನೆಲೆ ನಿಂತಿದ್ದೆ, ಅದನ್ನು ಅಲುಗಾಡಿಸುವ ಮನಸ್ಸಿರಲಿಲ್ಲ. ಇದು ಕಾರಣ, ಸಮರ್ಥನೆ ಅಲ್ಲ.

ಮುಂದಿನ ಬಿಲ್ಲಿನ ದಿನ ಅವರು ಚೀಟಿ ಕೊಟ್ಟರು. ನಿಂತರು ಅಷ್ಟೇ. ನಾನು, "ಕೇಳಿದ್ದೆ. ಅವರ ನೆಂಟರಲ್ಲೇ ಯಾರಿಗೋ ಮಾತು ಕೊಟ್ಟುಬಿಟ್ಟಿದ್ದಾರಂತೆ," ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಹೌದಾ," ಎಂದರು. ಚೀಲದ ಬಾರು ಸರಿ ಮಾಡಿಕೊಂಡರು. "ಇರ್ಲಿ ಬಿಡ್ರಿ. ನೀವು ಕೇಳಿದ್ರಲ್ಲ, ಅದೇ ದೊಡ್ಡದು." ಮುಂದಿನ ಮನೆಗೆ ಹೋಗಿ "ಬಿಲ್ಲೂ" ಎಂದರು.

ಆ ಮನೆ ಐದು ತಿಂಗಳು ಮಾರಾಟವಾಗದೇ ಇತ್ತು, ಬ್ಯಾಂಕಿನವರ ಹೆಂಡತಿ ಅಷ್ಟೂ ದಿನ ಗೋಡೆಯಾಚೆಗೇ ಇದ್ದರು. ಆಮೇಲೆ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಕೊಂಡರು. ಗೋಡೆಯನ್ನು ಎಂಟು ಅಡಿಗೆ ಏರಿಸಿದರು, ಕ್ಯಾಮೆರಾ ಹಾಕಿಸಿದರು. ಬಚ್ಚಲಿನಿಂದ ಕೂಗಿದರೆ ಈಗ ಆ ಕಡೆ ಕೇಳಿಸುವುದಿಲ್ಲ.

ಅವರು ಮತ್ತೆ ಎರಡು ವರ್ಷ ಬಿಲ್ಲು ಕೊಟ್ಟರು. ನನ್ನ ಜೊತೆ ಮೊದಲಿನಂತೆಯೇ ಇದ್ದರು, ಒಂದು ಕೂದಲಷ್ಟೂ ಕಡಿಮೆ ಇಲ್ಲ. ಕಡಿಮೆ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಂದು ಸಲ ಹೊಸದಾಗಿ ಮದುವೆಯಾದ ಇಬ್ಬರನ್ನು ಮನೆ ತೋರಿಸಲು ಕರೆದುಕೊಂಡು ಬಂದಿದ್ದರು. ನಾನು ಒಳಗಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಗೇಟಿನ ಮುಂದೆ ನಿಂತು, "ಈ ಕೇರಿ ಅಡ್ಡಿಲ್ಲ. ಈ ಮನೇಲಿ ಒಬ್ರು ಅಕ್ಕೋರಿದ್ದಾರೆ. ಏನಾದ್ರೂ ಬೇಕಾದ್ರೆ ಇವ್ರ ಹತ್ರ ಕೇಳಿ," ಎಂದು ಹೇಳುವುದು ಕೇಳಿಸಿತು. ಆಮೇಲೆ ಗುತ್ತಿಗೆ ಬದಲಾಯಿತು, ಅವರ ಕಣ್ಣೂ ಮಂಜಾಗಿತ್ತು, ಬರುವುದು ನಿಂತಿತು. ನಾನು ಹೋಗಿ ನೋಡಿ ಬರಬಹುದಿತ್ತು. ಹೋಗಲಿಲ್ಲ.

ಸುದ್ದಿ ಕೇಳಿದ ಮರುದಿನ ಹೋದೆ. ಕಟ್ಟಿಗೆ ಮಿಲ್ಲಿನ ಹಿಂದೆ, ಅದೇ ಎರಡು ಕೋಣೆ. ಅವರ ಹೆಂಡತಿ ಚಾಪೆ ಹಾಸಿದರು. ಗೋಡೆಯ ಮೇಲೆ ಫೋಟೋ, ಅದರಲ್ಲೂ ಕನ್ನಡಕ ಹಣೆಯ ಮೇಲೆ. ಮಗಳು ಸ್ಟೀಲ್ ಲೋಟದಲ್ಲಿ ಚಹಾ ತಂದು ಕೊಟ್ಟು ನನ್ನ ಪಕ್ಕದಲ್ಲೇ ಕುಳಿತಳು. ಅಪ್ಪ ಹೋದದ್ದು ಹೇಗೆ ಎಂದು ಹೇಳಿದಳು. ಡ್ಯೂಟಿ ಬಿಡುವ ಹೊತ್ತಿಗೆ ಇವಳನ್ನು ಕರೆಯಲು ಹೊರಟು, ಚಪ್ಪಲಿ ಹಾಕಿಕೊಳ್ಳುವಾಗ ಹಾಗೇ ಬಾಗಿಲ ಹತ್ತಿರ ಕುಳಿತರಂತೆ. ಕಣ್ಣು ಕಾಣದಿದ್ದರೂ ದಿನಾ ಬರುವುದನ್ನು ಬಿಟ್ಟಿರಲಿಲ್ಲವಂತೆ.

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಅಪ್ಪ ಯಾವಾಗ್ಲೂ ಹೇಳ್ತಿದ್ರು ಅಕ್ಕೋರೆ. ಊರೆಲ್ಲ ಅವರ ಹತ್ರ ಮನೆ ಕೇಳ್ಕಂಡು ಬಂದವ್ರೇ, ಅವರಿಗೆ ಮನೆ ಬೇಕಾದಾಗ ನೀವೊಬ್ರೇ ಹೋಗಿ ಕೇಳಿದ್ದು ಅಂತ. ನಾನು ನಿಮ್ಮನ್ನ ನೋಡ್ಬೇಕು ಅಂತ ಇದ್ದೆ."

ಬಾಯಿ ತೆರೆದೆ. ಎದುರಿಗೆ ಕುಳಿತಿದ್ದ ತಾಯಿ ನನ್ನನ್ನೇ ನೋಡುತ್ತಿದ್ದರು. ನಾನು ಚಹಾ ಕುಡಿದೆ.

ಹೊರಟಾಗ ತಾಯಿ, "ರಸ್ತೆವರೆಗೆ ಬರ್ತೆ," ಎಂದು ಚಪ್ಪಲಿ ಹಾಕಿಕೊಂಡರು. ಮಿಲ್ಲು ದಾಟಿದೆವು. ವೈನ್‌ಶಾಪಿನ ಮುಂದೆ ಇಬ್ಬರು ಮೂವರು ನಿಂತಿದ್ದರು. ಅದನ್ನೂ ದಾಟಿದೆವು. ರಸ್ತೆಯ ಬದಿಯಲ್ಲಿ ಆಟೋಕ್ಕೆ ಕಾಯುತ್ತ ನಿಂತಾಗ ಅವರು ನೇರವಾಗಿ ಮುಂದೆ ನೋಡುತ್ತ ಹೇಳಿದರು.

"ಬ್ಯಾಂಕಿನವ್ರ ಹೆಂಡ್ತಿ ಊರು ಬಿಡೂ ಮುಂಚೆ ನಮ್ಮ ಅಂಗನವಾಡಿಗೆ ಬಂದಿದ್ರು. ಮಕ್ಕಳ ಕುರ್ಚಿ, ಆಟದ ಸಾಮಾನು ಕೊಟ್ಟು ಹೋಗ್ಲಿಕ್ಕೆ. ಮನೆ ಯಾರಿಗಾಯ್ತು ಅಂತ ಕೇಳ್ದೆ. ಹಿಂದಿನ ವಾರನೇ ಅಡ್ವಾನ್ಸ್ ತಗಂಡ್ರಂತೆ. ನಮಗೂ ಮನಸ್ಸಿತ್ತು ಅಂತ ಹೇಳ್ದೆ. 'ಅಯ್ಯ, ಮೊದಲ ಹೇಳಬಾರದೇನ್ರೀ, ನಿಮಗ ಕೊಡ್ತಿದ್ವಿ, ನಮಗ ಯಾರೂ ಹೇಳಲೇ ಇಲ್ಲಲ್ಲ' ಅಂದ್ರು."

ನಾನು ಆಟೋ ಬರುವ ಕಡೆ ನೋಡಿದೆ.

"ಇವ್ರಿಗೆ ನಾನು ಹೇಳ್ಲಿಲ್ಲ ಅಕ್ಕೋರೆ. ಈ ಊರಲ್ಲಿ ನಮ್ಮ ಪರವಾಗಿ ಒಬ್ರು ಮಾತಾಡಿದ್ರು ಅಂತ ತಿಳ್ಕಂಡಿದ್ರು. ಮನೆಯಂತೂ ಹೋಯ್ತು. ಅದನ್ನೂ ಎಂತಕ್ಕೆ ಕಿತ್ಕಳ್ಳೂದು ಅಂತ ಬಿಟ್ಟೆ."

ಆಟೋ ಬಂತು. ನಾನು ಹತ್ತಿ ಕುಳಿತೆ. ಅವರು ಬಗ್ಗಿ, "ಮಗಳಿಗೂ ಹೇಳ್ಲಿಕ್ಕೆ ಹೋಗ್ಬೇಡಿ," ಎಂದರು. ಆಮೇಲೆ ನನ್ನನ್ನು ಎಲ್ಲಿ ಇಳಿಸಬೇಕೆಂದು ಆಟೋದವನಿಗೆ ಅವರೇ ನಮ್ಮ ಕೇರಿಯ ಗುರುತು ಹೇಳಿದರು.